ಮಟ್ಟಿಯಲ್ಲಿ ಬೆನ್ನು, ಮ್ಯಾಟಿನಲ್ಲಿ ಪಾಯಿಂಟು: ಗೆದ್ದವನು ಯಾರು ಸ್ವಾಮೀ?

ನಂಜನಗೂಡು: ಜಾತ್ರೆಯ ಕುಸ್ತಿ ಮುಗಿದ ಮಾರನೇ ದಿನ ಇಲ್ಲಿಂದ ತಿ. ನರಸೀಪುರದ ಬಸ್ಸು ಹತ್ತಿದವರಿಗೆ ಈ ವಾಗ್ವಾದ ಹೊಸದೇನಲ್ಲ. “ನಮ್ಮ ಹುಡುಗನ ಬೆನ್ನು ಎಲ್ಲಿ ಬಿತ್ತು? ಒಂದು ಭುಜ ತಾನೇ ತಾಗಿದ್ದು?” ಎಂದು ಒಬ್ಬರು. “ಬೆನ್ನೆಲ್ಲಾ ಮಣ್ಣಾಗಿತ್ತಲ್ರೀ, ಇನ್ನೇನು ಬೇಕು!” ಎಂದು ಇನ್ನೊಬ್ಬರು. ಕಂಡಕ್ಟರ್ ಚಿಲ್ಲರೆ ಕೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆಗಳು ಇಂಥ ಜಗಳದಲ್ಲೇ ಹುಟ್ಟಿರಬೇಕು.

ಹಾಗಾದರೆ ತೀರ್ಪು ಕೊಡುವವರು ನೋಡುವುದಾದರೂ ಏನನ್ನು?

ಮಣ್ಣಿನ ಕಾನೂನು

ನಾಡ ಕುಸ್ತಿಯಲ್ಲಿ ಕಾನೂನು ಒಂದೇ. ಎದುರಾಳಿಯನ್ನು ಅಂಗಾತ ಕೆಡವಿ ಬೆನ್ನನ್ನು ಮಣ್ಣಿಗೆ ತಾಗಿಸಿದವನು ಗೆದ್ದ. ಅದೇ ‘ಚಿತ್’. ಮೊಣಕಾಲೂರಿದರೂ ಸೋಲಲ್ಲ, ಬೋರಲು ಬಿದ್ದರೂ ಸೋಲಲ್ಲ. ಹತ್ತು ಸಲ ಕೆಳಗೆ ಸಿಕ್ಕಿ ಹನ್ನೊಂದನೇ ಸಲ ಚಿತ್ ಮಾಡಿದವನೇ ಪೈಲ್ವಾನ್! ಅಖಾಡದಲ್ಲಿ ನಿಂತು ನೋಡುವವರು ಸಾಮಾನ್ಯವಾಗಿ ಗರಡಿಯ ಹಳೇ ಉಸ್ತಾದರು. ವಯಸ್ಸು, ತೂಕ, ಅನುಭವ ನೋಡಿ ಅವರು ಜೋಡಿ ಕಟ್ಟುತ್ತಾರಲ್ಲ, ಅರ್ಧ ತೀರ್ಪು ಅಲ್ಲೇ ಆಗಿರುತ್ತದೆ.

ತಕರಾರು ಏಳುವುದು ಚಿತ್ ಆಗದೆ ಹೊತ್ತು ಮುಗಿದಾಗ. ‘ಸಮ’ ಎಂದು ಸಾರಿ ಇಬ್ಬರ ಕೈಯನ್ನೂ ಎತ್ತುತ್ತಾರೆ. ಬಹುಮಾನದ ಹಣವನ್ನು ಅರ್ಧರ್ಧ ಹಂಚುವುದೂ ಉಂಟು. ಕೆಲವು ಕಡೆ ಇನ್ನಷ್ಟು ನಿಮಿಷ ಕೊಟ್ಟು, ಮೊದಲು ಪಾಯಿಂಟು ಹೊಡೆದವನೇ ಗೆದ್ದ ಎನ್ನುತ್ತಾರೆ. ಈ ಮಾತನ್ನು ಮುಂಚೆಯೇ ಹೇಳಿದ್ದರೆ ಸರಿ. ನಡುವೆ ಹೇಳಿದರೆ ಗಲಾಟೆ ಗ್ಯಾರಂಟಿ.

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ್ದು ಇನ್ನೊಂದು ಲೆಕ್ಕ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ. ತಲೆಯಿಂದ ಮೊದಲ ರಕ್ತ ಕಂಡಿತೋ, ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಅಲ್ಲಿಗೆ ಮುಗಿಯಿತು. ವಾದಕ್ಕೆ ಎಡೆಯೇ ಇಲ್ಲ.

ಮ್ಯಾಟಿನ ಲೆಕ್ಕ

ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಹುಡುಗನಿಗೆ ಸಿಗುವುದು ಮ್ಯಾಟ್. ಮೂರು ಮೂರು ನಿಮಿಷದ ಎರಡು ಸುತ್ತು. ರೆಫರಿ, ಜಡ್ಜ್, ಮ್ಯಾಟ್ ಛೇರ್ಮನ್ ಎಂದು ಮೂವರು; ಪಾಯಿಂಟು ಕೊಡಲು ಇಬ್ಬರಾದರೂ ಒಪ್ಪಬೇಕು. ಕೆಡವಿ ಹಿಂದಿನಿಂದ ಹಿಡಿತ ಸಾಧಿಸಿದರೆ 2. ಬೆನ್ನನ್ನು ಮ್ಯಾಟಿನ ಕಡೆಗೆ ತಿರುಗಿಸಿದರೆ 2. ನಿಂತಲ್ಲಿಂದ ಎತ್ತಿ ನೇರ ಬೆನ್ನಿನ ಮೇಲೆ ಒಗೆದರೆ 4, ಭಾರೀ ಎತ್ತರದಿಂದ ಒಗೆದರೆ 5. ವೃತ್ತದಾಚೆ ಕಾಲಿಟ್ಟರೆ ಎದುರಾಳಿಗೆ 1. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟು ಮುಂದಾದರೆ ಕುಸ್ತಿ ಅಲ್ಲಿಗೇ ಮುಕ್ತಾಯ. ಇಲ್ಲಿ ‘ಸಮ’ ಎಂಬ ಮಾತೇ ಇಲ್ಲ. ಪಾಯಿಂಟು ಸಮವಾದರೆ ದೊಡ್ಡ ಪಟ್ಟು ಯಾರದು, ಎಚ್ಚರಿಕೆ ಯಾರಿಗೆ ಕಡಿಮೆ, ಕೊನೆಯ ಪಾಯಿಂಟು ಯಾರದು ಎಂದು ಸಾಲಾಗಿ ನೋಡುತ್ತಾರೆ.

ಆದರೂ ಚಿತ್ತಿನ ಗೌರವ ಅಲ್ಲೂ ಹೋಗಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ರವಿ ದಹಿಯಾ ಒಂದು ಹಂತದಲ್ಲಿ 2–9 ಹಿಂದೆ ಬಿದ್ದಿದ್ದರು. ಕೊನೆಯಲ್ಲಿ ಎದುರಾಳಿಯ ಎರಡೂ ಭುಜ ಒತ್ತಿ ಹಿಡಿದರು, ಲೆಕ್ಕವೆಲ್ಲ ಅಳಿಸಿಹೋಯಿತು. 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ 0–5ರಿಂದ ಮೇಲೆದ್ದು ಕೊನೇ ಕ್ಷಣಗಳಲ್ಲಿ ಮುಂದಾದರು. ಎದುರಾಳಿ ಕಡೆಯವರು ‘ವಿಡಿಯೋ ನೋಡಿ’ ಎಂದು ತಕರಾರು ಹಾಕಿ ಸೋತರು. ಅದರ ದಂಡವಾಗಿ ಸಾಕ್ಷಿಗೆ ಮತ್ತೊಂದು ಪಾಯಿಂಟು. 8–5, ಕಂಚು ನಮ್ಮದು.

ಕಣ್ಣಿಗೆ ಕಾಣುವ ಲೆಕ್ಕವಿಲ್ಲದೆ ತೀರ್ಪುಗಾರರ ಅಭಿಪ್ರಾಯಕ್ಕೇ ಬಿಟ್ಟರೆ ಏನಾಗುತ್ತದೆ? 1988ರ ಸಿಯೋಲ್ ಒಲಿಂಪಿಕ್ಸ್ ಬಾಕ್ಸಿಂಗ್ ಫೈನಲ್ ನೋಡಿ. ಅಮೆರಿಕದ ರಾಯ್ ಜೋನ್ಸ್ 86 ಗುದ್ದು ಕೊಟ್ಟು 32 ತಿಂದರೆಂದು ಎಣಿಸಿದವರು ಹೇಳಿದರು. ಐವರು ತೀರ್ಪುಗಾರರಲ್ಲಿ ಮೂವರು ಕೈ ಎತ್ತಿದ್ದು ಆತಿಥೇಯ ಕೊರಿಯದವನ ಕಡೆಗೆ!

ಎಡವುವುದು ಎಲ್ಲಿ?

ನಂಜನಗೂಡು, ತಿ. ನರಸೀಪುರ ಕಡೆಯ ಹುಡುಗರಿಗೆ ಇದು ಬರೀ ಬಸ್ಸಿನ ಹರಟೆಯಲ್ಲ. ಮಣ್ಣಿನಲ್ಲಿ ಎದುರಾಳಿ ಸುಸ್ತಾಗಲಿ ಎಂದು ಕಾಯುವುದು ಜಾಣತನ. ಮ್ಯಾಟಿನಲ್ಲಿ ಸುಮ್ಮನೆ ಕಾದರೆ ಎಚ್ಚರಿಕೆ; ಮತ್ತೂ ಕಾದರೆ 30 ಸೆಕೆಂಡಿನ ಗಡುವು, ಅದೂ ತಪ್ಪಿದರೆ ಎದುರಾಳಿಗೆ ಪಾಯಿಂಟು. ಮಣ್ಣಿನಲ್ಲಿ ತಾನೇ ಉರುಳಿ ಪಟ್ಟು ಹಾಕಿದರೆ ಭೇಷ್. ಮ್ಯಾಟಿನಲ್ಲಿ ಹಾಗೆ ಉರುಳುವಾಗ ಬೆನ್ನು ತೋರಿಸಿದರೆ 2 ಪಾಯಿಂಟು ಕೈಬಿಡಬಹುದು. ಮನೆಯವರು ಹಾಲು, ಬಾದಾಮಿ, ಮೊಟ್ಟೆಗೆ ಸಾಲ ಮಾಡಿ ಬೆಳೆಸಿದ ಹುಡುಗನಿಗೆ ಕ್ರೀಡಾ ಕೋಟಾದ ಸೀಟಿಗೋ ನೌಕರಿಗೋ ಬೇಕಾಗುವುದು ಮ್ಯಾಟಿನ ಸರ್ಟಿಫಿಕೇಟು. ಜಾತ್ರೆಯ ಬೆಳ್ಳಿ ಗದೆ ಅಲ್ಲಿ ನಡೆಯುವುದಿಲ್ಲ. ಗರಡಿಯಲ್ಲಿ ಎರಡೂ ಲೆಕ್ಕ ಕಲಿಸದಿದ್ದರೆ ನಷ್ಟ ಹುಡುಗನದು.

ಇನ್ನು ಸುತ್ತೂರು ಜಾತ್ರೆಯಂಥ ದೊಡ್ಡ ಕುಸ್ತಿಯಿರಲಿ, ಹಳ್ಳಿ ಹಬ್ಬದ ಸಣ್ಣ ಕುಸ್ತಿಯಿರಲಿ, ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಎಷ್ಟು ನಿಮಿಷ, ಹೊತ್ತು ಮುಗಿದರೆ ಏನು, ತೀರ್ಪುಗಾರರು ಯಾರು ಎಂಬುದನ್ನು ಮೊದಲ ಜೋಡಿ ಇಳಿಯುವ ಮುನ್ನ ಮೈಕಿನಲ್ಲಿ ಸಾರಬೇಕು. ತೀರ್ಪುಗಾರರು ಸೆಣಸುವ ಇಬ್ಬರ ಊರಿನವರೂ ಆಗಿರಬಾರದು. ಇಷ್ಟಾದರೆ ಸೋತವನೂ ಮಟ್ಟಿಗೆ ನಮಸ್ಕರಿಸಿ ಎದ್ದು ಹೋಗುತ್ತಾನೆ. ಮಾರನೇ ದಿನ ಕಂಡಕ್ಟರ್‌ಗೂ ಚಿಲ್ಲರೆ ಸಿಗುತ್ತದೆ.