ರೂಟ್ ಕೆನಾಲ್ ಆದ್ಮೇಲೂ ದವಡೆ ಹಲ್ಲು ನೋವಾ? ಕೀಳಿಸೋ ಮುಂಚೆ ಇದನ್ನು ಓದಿ

ಬೆಂಗಳೂರು: ರೂಟ್ ಕೆನಾಲ್ ಆಯ್ತು, ಕ್ಯಾಪ್ ಕೂಡ ಹಾಕಿಸಿದ್ದಾಯ್ತು. ಕೆಲವು ತಿಂಗಳು ಕಳೆದ ಮೇಲೆ ಅದೇ ಹಲ್ಲಲ್ಲಿ ಚಕ್ಕುಲಿ ಕಡಿದರೆ ನೋವು, ಬಿಸಿ ಕಾಫಿ ತಾಗಿದರೆ ಜುಮ್ ಅನ್ನುತ್ತೆ, ಇಲ್ಲವೇ ವಸಡಿನ ಮೇಲೆ ಸಣ್ಣ ಕೀವಿನ ಗುಳ್ಳೆ. ಬಸವನಗುಡಿ ಇರಲಿ, ಮಲ್ಲೇಶ್ವರ ಇರಲಿ, ಮನೆಯಲ್ಲಿ ಸಿಗೋ ಸಲಹೆ ಒಂದೇ: ‘ಸುಮ್ನೆ ಕೀಳಿಸಿಬಿಡಿ’. ಅದಕ್ಕೂ ಮುಂಚೆ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ಬೇರಿನೊಳಗೆ ಇನ್ನೊಂದು ಕೆನಾಲ್ ಉಳಿದುಬಿಟ್ಟಿದೆಯಾ?

ಏನಿದು ಕೆನಾಲ್?

ಹಲ್ಲಿನ ಬೇರಿನೊಳಗೆ ನರ, ರಕ್ತನಾಳ ಹಾದುಹೋಗುವ ಸಣ್ಣ ದಾರಿಯೇ ಕೆನಾಲ್. ಹುಳುಕು ಅಲ್ಲಿವರೆಗೂ ಇಳಿದಾಗ ವೈದ್ಯರು ಒಳಗಿನ ಕೆಟ್ಟ ಭಾಗ ತೆಗೆದು, ಔಷಧಿಯಿಂದ ತೊಳೆದು, ಗಟ್ಟಾ ಪರ್ಚಾ ಅನ್ನೋ ರಬ್ಬರ್‌ನಂಥ ವಸ್ತು ತುಂಬಿ ಮುಚ್ಚುತ್ತಾರೆ. ಒಂದು ಕೆನಾಲ್ ಬಿಟ್ಟುಹೋದರೂ ಅಲ್ಲಿ ಬ್ಯಾಕ್ಟೀರಿಯಾ ಉಳಿದು ಸೋಂಕು ಮತ್ತೆ ಬರಬಹುದು.

ದವಡೆ ಹಲ್ಲಲ್ಲೇ ಯಾಕೆ ಜಾಸ್ತಿ?

ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಬೇರು. ದವಡೆ ಹಲ್ಲು ಹಾಗಲ್ಲ.

* ಮೇಲಿನ ಮೊದಲ ದವಡೆ ಹಲ್ಲು: ಬೇರು 3, ಆದರೆ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಕೆನಾಲ್ 4. ಆ ನಾಲ್ಕನೆಯದಕ್ಕೆ ವೈದ್ಯರು ‘ಎಂಬಿ2’ ಅಂತಾರೆ. ತುಂಬಾ ಸಣ್ಣದು, ಬೇಗ ಕಣ್ಣಿಗೆ ಬೀಳಲ್ಲ.
* ಕೆಳಗಿನ ಮೊದಲ ದವಡೆ ಹಲ್ಲು: ಸಾಮಾನ್ಯವಾಗಿ ಬೇರು 2. ಕೆಲವರಿಗೆ ನಾಲಿಗೆ ಕಡೆ ಮೂರನೇ ಬೇರು ಇರುತ್ತೆ, ಹೆಚ್ಚಾಗಿ ಚಿಕ್ಕದು, ಬಾಗಿದ್ದು.
* ಕೆಳಗಿನ ಎರಡನೇ ದವಡೆ ಹಲ್ಲು: ಕೆಲವರಲ್ಲಿ ಬೇರುಗಳು ಕೂಡಿಕೊಂಡು, ಕೆನಾಲ್ ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಬಳಸಿಕೊಂಡಿರುತ್ತೆ. ಅದರ ಮೂಲೆ ಮೂಲೆ ಸ್ವಚ್ಛ ಮಾಡೋದು ಕಷ್ಟ.

ಇದು ಕಾಯಿಲೆಯಲ್ಲ, ಹಲ್ಲು ಬೆಳೆದ ರೀತಿಯೇ ಹಾಗೆ.

ಎಕ್ಸ್‌ರೇಲಿ ಕಾಣಲ್ವಾ?

ಮಾಮೂಲಿ ಎಕ್ಸ್‌ರೇ ಚಪ್ಪಟೆ ಚಿತ್ರ. ಒಂದು ಬೇರಿನ ಹಿಂದೆ ಇನ್ನೊಂದು ನಿಂತಿದ್ದರೆ ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೇ ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೀತಾರೆ. ಆಗಲೂ ಅನುಮಾನ ಉಳಿದರೆ ‘ಸಿಬಿಸಿಟಿ’ ಎಂಬ 3ಡಿ ಸ್ಕ್ಯಾನ್ ಇದೆ. ಇದರಲ್ಲಿ ವಿಕಿರಣ ಹೆಚ್ಚಾದ್ದರಿಂದ ಎಲ್ಲರಿಗೂ ಮಾಡಿಸಲ್ಲ. ಮೈಕ್ರೋಸ್ಕೋಪ್ ಇಟ್ಟು ಕೆಲಸ ಮಾಡಿದರೆ ಅಡಗಿದ ಕೆನಾಲ್ ಸಿಗುವ ಸಾಧ್ಯತೆ ಹೆಚ್ಚು.

ಏನು ಮಾಡಬೇಕು?

ಹಳೇ ಎಕ್ಸ್‌ರೇ ಎಸೆಯಬೇಡಿ, ಜೊತೆಗೆ ಒಯ್ಯಿರಿ. ‘ಎಷ್ಟು ಕೆನಾಲ್ ತುಂಬಿದ್ದಾರೆ? ಮತ್ತೆ ರೂಟ್ ಕೆನಾಲ್ ಮಾಡಬಹುದಾ?’ ಅಂತ ನೇರವಾಗಿ ಕೇಳಿ. ಕ್ಯಾಪ್ ತೆಗೆಯಬೇಕಾಗಬಹುದು, ಆದರೂ ಸ್ವಂತ ಹಲ್ಲು ಉಳಿಯುತ್ತೆ. ಹಾಗಂತ ಎಲ್ಲ ನೋವಿಗೂ ಇದೇ ಕಾರಣ ಅಲ್ಲ. ಕ್ಯಾಪ್ ಸಡಿಲವಾಗಿರಬಹುದು, ವಸಡಿನ ತೊಂದರೆಯೂ ಇರಬಹುದು. ಬೇರೇ ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳಿಸುವುದೇ ದಾರಿ.

ಇಂಥ ಕೇಸ್ ನೋಡುವ ತಜ್ಞರಿಗೆ ಎಂಡೊಡಾಂಟಿಸ್ಟ್ ಅಂತಾರೆ. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜು, ಕೆ.ಆರ್. ರಸ್ತೆಯ ವಿ.ಎಸ್. ದಂತ ಕಾಲೇಜುಗಳಲ್ಲಿ ಈ ವಿಭಾಗವಿದೆ.

ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು ಕಷ್ಟವಾದರೆ ಮಾತ್ರೆ ನುಂಗಿ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.