ವಾಪಸ್ ಬಂದ ಮೇಲ್ ಮತ್ತೆ ಕಳಿಸುವುದು ಹೇಗೆ?

ಚೆನ್ನೈನ ಸೌಕಾರ್‌ಪೇಟೆಯ ಸಗಟು ವ್ಯಾಪಾರದಲ್ಲಿ ಮಾತುಕತೆ ಇಂದಿಗೂ ಎದುರುಬದುರು ಕುಳಿತೇ ನಡೆಯುತ್ತದೆ, ಬಿಲ್ ಮಾತ್ರ ಇಮೇಲಿನಲ್ಲಿ ಹೋಗುತ್ತದೆ. ಮಿಂಟ್ ಸ್ಟ್ರೀಟಿನಿಂದ ಬೆಂಗಳೂರಿನ ಚಿಕ್ಕಪೇಟೆಗೆ ಹೊರಟ ಬಿಲ್ ‘ಮೇಲರ್ ಡೀಮನ್’ ಹೆಸರಲ್ಲಿ ವಾಪಸ್ ಬಂತು ಎನ್ನಿ. ನಾನು ಕಂಡಂತೆ ಬಹಳ ಮಂದಿ ಆ ವಾಪಸ್ ಪತ್ರವನ್ನೇ ಗ್ರಾಹಕರಿಗೆ ಫಾರ್ವರ್ಡ್ ಮಾಡುತ್ತಾರೆ. ಅವರಿಗೆ ಕಾಣುವುದು ಇಂಗ್ಲಿಷಿನ ಗೋಜಲು, ಬಿಲ್ ಎಲ್ಲಿದೆಯೋ ದೇವರೇ ಬಲ್ಲ! ಇನ್ನು ಕೆಲವರು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿ, ಅವಸರದಲ್ಲಿ ಬೇರೊಬ್ಬರ ಬಿಲ್ ಲಗತ್ತಿಸುತ್ತಾರೆ.

ಮೊದಲು ಕಾರಣ ಓದಿ. ವಾಪಸ್ ಪತ್ರದೊಳಗೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಅದು 4ರಿಂದ ಶುರುವಾಗಿ, ಪತ್ರ ‘ತಡವಾಗಿದೆ’ ಎಂದಷ್ಟೇ ಹೇಳಿದ್ದರೆ ಸುಮ್ಮನಿರಿ. ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ನೀವೂ ಕಳಿಸಿದರೆ ಒಂದೇ ಬಿಲ್ ಎರಡು ಸಲ ಹೋಗಿ ಲೆಕ್ಕದಲ್ಲಿ ಗಲಾಟೆ. 5ರಿಂದ ಶುರುವಾದರೆ ಸರ್ವರ್ ಕೈಬಿಟ್ಟಿದೆ ಎಂದರ್ಥ. ಜೊತೆಗೆ 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ. 5.2.2 ಇದ್ದರೆ ಅವರ ಮೇಲ್‌ಬಾಕ್ಸ್ ತುಂಬಿದೆ. ಜಿಮೇಲಿನ ಉಚಿತ 15 ಜಿಬಿಯಲ್ಲಿ ಫೋಟೋಗಳೂ ಸೇರುವುದರಿಂದ ಇದು ಈಗ ಅಪರೂಪವೇನಲ್ಲ. ಫೋನ್ ಮಾಡಿ ಹೇಳಿ, ಜಾಗವಾದ ಮೇಲೆ ಕಳಿಸಿ.

ಮತ್ತೆ ಕಳಿಸಲು ಥಂಡರ್‌ಬರ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಸೆಂಟ್ ಫೋಲ್ಡರಿನಲ್ಲಿ ಮೂಲ ಪತ್ರ ಆರಿಸಿ ಕಂಟ್ರೋಲ್ ಮತ್ತು ಇ ಒತ್ತಿದರೆ ಸಾಕು, ಲಗತ್ತಿನ ಸಮೇತ ಹೊಸ ಪತ್ರವಾಗಿ ತೆರೆದುಕೊಳ್ಳುತ್ತದೆ. ವಿಳಾಸ ತಿದ್ದಿ ಕಳಿಸಿ. ಆ್ಯಪಲ್ ಮೇಲ್‌ನಲ್ಲಿ ಇದೇ ಕೆಲಸಕ್ಕೆ ಮೆಸೇಜ್ ಮೆನುವಿನ ‘ಸೆಂಡ್ ಅಗೇನ್’ ಇದೆ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಕೆಲವು ವಾಪಸ್ ಪತ್ರಗಳಲ್ಲೇ ‘ಸೆಂಡ್ ಅಗೇನ್’ ಬಟನ್ ಇರುತ್ತದೆ. ಇಲ್ಲದಿದ್ದರೆ ಮೂಲ ಪತ್ರವನ್ನು ಬೇರೆ ಕಿಟಕಿಯಲ್ಲಿ ತೆರೆದು, ಆ್ಯಕ್ಷನ್ಸ್ ಒಳಗಿನ ‘ರೀಸೆಂಡ್ ದಿಸ್ ಮೆಸೇಜ್’ ಒತ್ತಿ.

ಜಿಮೇಲಿನಲ್ಲಿ ಇಂಥ ಬಟನ್ ಇಲ್ಲ. ಇಷ್ಟು ಜನ ಬಳಸುವ ಮೇಲ್‌ಗೆ ಇದು ಕೊರತೆಯೇ ಸರಿ. ಸೆಂಟ್‌ನಲ್ಲಿರುವ ಮೂಲ ಪತ್ರವನ್ನು ಫಾರ್ವರ್ಡ್ ಮಾಡಿ, ಮೇಲಿನ ‘ಫಾರ್ವರ್ಡೆಡ್ ಮೆಸೇಜ್’ ಸಾಲುಗಳನ್ನು ಅಳಿಸಿ. ವಿಷಯದ ಸಾಲಿನ ಆರಂಭದಲ್ಲಿ ಸೇರುವ ‘ಎಫ್‌ಡಬ್ಲ್ಯುಡಿ’ಯನ್ನೂ ತೆಗೆಯಿರಿ. ಲಗತ್ತು ಹಾಗೆಯೇ ಉಳಿಯುತ್ತದೆ.

ಹತ್ತು ಜನರಿಗೆ ಕಳಿಸಿದ್ದು ಒಬ್ಬರಿಂದ ಮಾತ್ರ ವಾಪಸ್ ಬಂದಿದ್ದರೆ ಉಳಿದ ಒಂಬತ್ತು ವಿಳಾಸ ಅಳಿಸಲು ಮರೆಯಬೇಡಿ. ಸೆಂಟ್‌ನಿಂದ ತೆರೆದಾಗ ಥಂಡರ್‌ಬರ್ಡ್, ಔಟ್‌ಲುಕ್ ಅವನ್ನೆಲ್ಲ ಮತ್ತೆ ತಂದು ಕೂರಿಸುತ್ತವೆ. ತಪ್ಪು ವಿಳಾಸವನ್ನು ಕಾಂಟ್ಯಾಕ್ಟ್ಸ್‌ನಿಂದಲೂ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ತಿಂಗಳು ಮೊದಲಕ್ಷರ ಒತ್ತಿದ ಕೂಡಲೇ ಅದೇ ಮುಂದೆ ಬಂದು ನಿಲ್ಲುತ್ತದೆ.