ಇಂಜಿನ್ನಿಗೆ ಗಾಳಿ ಉಣಿಸುವವರು

ಕಬ್ಬಿನ ಹಂಗಾಮಿನಲ್ಲಿ ಕುಡಚಿಯಿಂದ ಉಗಾರದ ಕಡೆಗೋ, ಅಂಕಲಿಯಿಂದ ಚಿಕ್ಕೋಡಿಯ ಕಡೆಗೋ ಹೊರಟ ಎರಡು ಟ್ರೇಲರಿನ ಟ್ರ್ಯಾಕ್ಟರು ಏರು ಹತ್ತುವಾಗ ಕಿವಿಗೊಟ್ಟು ಕೇಳಿ. ಹದಿನೈದು-ಇಪ್ಪತ್ತು ಟನ್ ಕಬ್ಬು ಬೆನ್ನಿಗೆ ಬಿದ್ದಿರುತ್ತದೆ, ಇಂಜಿನ್ನು ಗುಡುಗುತ್ತಿರುತ್ತದೆ. ಚಾಲಕನ ಸ್ಪೀಕರಿನ ಹಾಡು ಅರೆಕ್ಷಣ ನಿಂತರೆ ಸಾಕು, ಆ ಗುಡುಗಿನ ಮೇಲೆ ಸಣ್ಣಗೆ ಒಂದು ಸಿಳ್ಳೆ ಏಳುತ್ತದೆ. ಟರ್ಬೊ ಇರುವ ಟ್ರ್ಯಾಕ್ಟರಿನ ಸಿಳ್ಳೆ ಅದು. ಅದನ್ನು ಹೊರಡಿಸುವುದು ಏನು ಗೊತ್ತೆ? ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಒಂದು ಅಲ್ಯೂಮಿನಿಯಂ ಚಕ್ರ. ನಿಮಿಷಕ್ಕೆ ಒಂದು ಲಕ್ಷ ಸುತ್ತು! ಇಂಜಿನ್ನಿನ ಕ್ರ್ಯಾಂಕು ಒಂದು ಸುತ್ತು ಮುಗಿಸುವುದರೊಳಗೆ ಈ ಚಕ್ರ ಐವತ್ತು ಸುತ್ತು ತಿರುಗಿರುತ್ತದೆ. ಐದು ಸೆಂಟಿಮೀಟರ್ ಅಡ್ಡಳತೆಯ ಚಕ್ರವಾದರೆ ಅದರ ಅಂಚು ಗಂಟೆಗೆ 900 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ. ಪ್ರಯಾಣಿಕ ಜೆಟ್ ವಿಮಾನ ಮುಗಿಲಲ್ಲಿ ಹಾರುವ ವೇಗ ಅದು. ಎತ್ತಿನ ಗಾಡಿಯ ಜೊತೆಜೊತೆಗೆ ನಡೆಯುವ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಇಷ್ಟು ವೇಗ ಅಡಗಿದೆ ಎಂದು ಲೆಕ್ಕ ಹಾಕಿ ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಮೂರು ಲೀಟರಿನ ನಾಲ್ಕು ಸ್ಟ್ರೋಕ್ ಇಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2,000 ಸುತ್ತು ಓಡಿದರೆ 3,000 ಲೀಟರ್ ಗಾಳಿ. ಸೆಕೆಂಡಿಗೆ 50 ಲೀಟರ್! ಒಂದು ಕಿಲೋ ಡೀಸೆಲ್ ಉರಿಯಬೇಕಾದರೆ ಕಡಿಮೆಯೆಂದರೂ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು, ಹೊಗೆ ಇಲ್ಲದೆ ಉರಿಯಬೇಕಾದರೆ ಇನ್ನೂ ಹೆಚ್ಚು. ನಾವು ಡೀಸೆಲ್ಲಿನ ಬೆಲೆ ನೋಡುತ್ತೇವೆ, ಲೀಟರಿಗೆ ಎಷ್ಟು ಓಡಿತು ಎಂದು ಕೇಳುತ್ತೇವೆ. ಇಂಜಿನ್ನು ತಿನ್ನುವುದರಲ್ಲಿ ಬಹುಪಾಲು ಗಾಳಿ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅದರಲ್ಲೂ ನಮ್ಮ ಸೀಮೆಯ ಗಾಳಿ ತೆಳು. ಅಥಣಿ ಇರುವುದು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ. ಅದರ ಮೇಲೆ ಏಪ್ರಿಲ್ಲಿನ 40 ಡಿಗ್ರಿ ಬಿಸಿಲು. ಎರಡೂ ಸೇರಿದರೆ, ಕಡಲತೀರದ ತಂಪು ಹೊತ್ತಿನ ಗಾಳಿಗಿಂತ ಇಲ್ಲಿನ ಗಾಳಿ ನೂರಕ್ಕೆ ಹನ್ನೆರಡು-ಹದಿಮೂರು ಪಾಲು ಹಗುರ. ಸಿಲಿಂಡರು ಅದೇ, ಪಿಸ್ಟನ್ನು ಅದೇ, ಒಳಗೆ ಬಿದ್ದ ಗಾಳಿ ಮಾತ್ರ ಕಡಿಮೆ. ಹಾಗಾದರೆ ಗಾಳಿಯನ್ನು ಇಂಜಿನ್ನು ತಾನೇ ಎಳೆದುಕೊಳ್ಳಲಿ ಎಂದು ಕಾಯುವುದೇಕೆ, ನಾವೇ ಒತ್ತಿ ತುಂಬಿದರೆ? ಸ್ಪೋರ್ಟ್ಸ್ ಕಾರಿನ ಸೂಪರ್‌ಚಾರ್ಜರೂ ಕಬ್ಬಿನ ಟ್ರ್ಯಾಕ್ಟರಿನ ಟರ್ಬೊವೂ ಹುಟ್ಟಿದ್ದು ಈ ಒಂದೇ ಪ್ರಶ್ನೆಯಿಂದ. ಟರ್ಬೊ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗುತ್ತದೆ. ಸೂಪರ್‌ಚಾರ್ಜರು ಕ್ರ್ಯಾಂಕಿಗೆ ಕಟ್ಟಿದ ಬೆಲ್ಟಿನಿಂದ ತಿರುಗುತ್ತದೆ. ಒಂದು ಹೊರಗೆ ಚೆಲ್ಲುವ ಶಕ್ತಿಯನ್ನು ಹಿಡಿದು ದುಡಿಸುತ್ತದೆ, ಹೊಗೆಗೆ ಬಿರುಸು ಬರುವ ತನಕ ಒಂದು ಗಳಿಗೆ ತಡಮಾಡುತ್ತದೆ. ಇನ್ನೊಂದು ಇಂಜಿನ್ನಿನದೇ ಶಕ್ತಿಯನ್ನು ಒಂದಿಷ್ಟು ಕಸಿದುಕೊಂಡು, ಕಾಲು ಒತ್ತಿದ ಕ್ಷಣದಲ್ಲೇ ಅದಕ್ಕಿಂತ ಹೆಚ್ಚಾಗಿ ತಿರುಗಿ ಕೊಡುತ್ತದೆ.

ಈ ಸೂಪರ್‌ಚಾರ್ಜರಿನ ವಂಶಾವಳಿ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ರೇಸಿನ ಮೈದಾನ ಅಲ್ಲ, ಕಬ್ಬಿಣ ಕರಗಿಸುವ ಕುಲುಮೆ! ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್ ಎಂಬ ಊರಲ್ಲಿ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರಿದ್ದರು. ತಮ್ಮ ಉಣ್ಣೆ ಗಿರಣಿಯ ನೀರಿನ ಚಕ್ರ ಸುಧಾರಿಸಲು ಹೊರಟವರ ಕೈಗೆ ಗಾಳಿ ಊದುವ ಯಂತ್ರ ಸಿಕ್ಕಿತು ಎಂಬ ಕಥೆ ಇದೆ. 1860ರಲ್ಲಿ ಅವರು ಪೇಟೆಂಟ್ ಪಡೆದರು. ಎಂಟರ ಆಕಾರದ ಎರಡು ರೋಟರುಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಕೂದಲೆಳೆಯ ಸಂದು, ಆದರೂ ಒಂದು ಬದಿಯ ಗಾಳಿಯನ್ನು ಇನ್ನೊಂದು ಬದಿಗೆ ಬಿಡದೆ ತಳ್ಳುತ್ತವೆ. ಕುಲುಮೆಗಳಿಗೆ ಗಾಳಿ ಊದಿದ ಈ ಯಂತ್ರ ನಮ್ಮ ಕಮ್ಮಾರನ ತಿದಿಯ ದೊಡ್ಡಣ್ಣ.

ಕಮ್ಮಾರಿಕೆಗೂ ಎರಕಕ್ಕೂ ನಮ್ಮ ಬೆಳಗಾವಿ ಜಿಲ್ಲೆ ಹೊರತಲ್ಲವಲ್ಲ! ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಮಿರಜದಾಚೆ ಕಿರ್ಲೋಸ್ಕರವಾಡಿ ಕಟ್ಟಿದರು. ಕೃಷ್ಣೆಯ ದಂಡೆಯ ಹೊಲಗಳಿಗೆ ನೀರೆತ್ತಿದ ಇಂಜಿನ್ನುಗಳ ಮೇಲೆ ಆ ಹೆಸರನ್ನು ಓದುತ್ತ ಬೆಳೆದವರು ನಾವು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಇಂದಿಗೂ ಪಂಪು, ವಾಲ್ವು, ವಾಹನಗಳ ಬಿಡಿಭಾಗಗಳ ಎರಕ ನಡೆಯುತ್ತಿದೆ. ಕೋಕ್ ಉರಿಸುವ ಕುಪೋಲಾ ಕುಲುಮೆಯ ಹಿಂದೆ ಬ್ಲೋವರು ನಿಂತೇ ಇರಬೇಕು. ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯಿರಲಿ, ಚಿಕ್ಕೋಡಿ-ನಿಪ್ಪಾಣಿ-ರಾಯಬಾಗದ ಸಹಕಾರಿ ಕಾರ್ಖಾನೆಗಳಿರಲಿ, ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರಿನ ಬುಡಕ್ಕೂ ದೊಡ್ಡ ಫ್ಯಾನುಗಳು ಗಾಳಿ ನೂಕುತ್ತಿರುತ್ತವೆ. ಕಬ್ಬು ಹೊತ್ತು ತರುವ ಟ್ರ್ಯಾಕ್ಟರಿನೊಳಗೆ ನಡೆಯುವ ಕೆಲಸವೇ ಕಾರ್ಖಾನೆಯೊಳಗೂ ನಡೆಯುತ್ತಿದೆ.

ಕುಲುಮೆಯಿಂದ ರಸ್ತೆಗೆ ಈ ಯಂತ್ರ ಇಳಿದ ಬಗೆ ಇನ್ನೂ ಬೆರಗಿನದು. ಗಾಟ್‌ಲೀಬ್ ಡೈಮ್ಲರ್ 1900ರಲ್ಲಿ ಇದೇ ಬಗೆಯ ಬ್ಲೋವರನ್ನು ಇಂಜಿನ್ನಿಗೆ ಜೋಡಿಸುವ ಪೇಟೆಂಟ್ ಪಡೆದ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಹೊಗೆಯಿಂದ ತಿರುಗುವ ಟರ್ಬೊದ ಪೇಟೆಂಟ್ ಪಡೆದ. 1921ರಲ್ಲಿ ಮರ್ಸಿಡಿಸ್ ಬರ್ಲಿನ್ ಪ್ರದರ್ಶನಕ್ಕೆ ಸೂಪರ್‌ಚಾರ್ಜರಿನ ಕಾರುಗಳನ್ನು ತಂದಿತು. ಇವೆಲ್ಲ ಕಂಪನಿಗಳ ಕಥೆ. ಹೊರಗಿನಿಂದ ತಂದು ಕೂರಿಸುವ ಸೂಪರ್‌ಚಾರ್ಜರಿನ ಹುಚ್ಚು ಹಬ್ಬಿದ ಕಥೆ ಬೇರೆ, ಅದರ ಮೂಲ ಒಂದು ಲಾರಿ ಇಂಜಿನ್ನು! ಜನರಲ್ ಮೋಟರ್ಸ್ 1938ರಲ್ಲಿ ತಂದ 71 ಸರಣಿಯ ಎರಡು ಸ್ಟ್ರೋಕಿನ ಡೀಸೆಲ್ ಇಂಜಿನ್ನಿಗೆ ತಾನಾಗಿ ಗಾಳಿ ಎಳೆದುಕೊಳ್ಳುವ ಸ್ಟ್ರೋಕೇ ಇರಲಿಲ್ಲ. ಅದಕ್ಕಾಗಿ ಪ್ರತಿ ಇಂಜಿನ್ನಿನ ಪಕ್ಕೆಗೆ ಒಂದು ರೂಟ್ಸ್ ಬ್ಲೋವರು. ಮಹಾಯುದ್ಧದ ನಂತರ ಅಮೆರಿಕದ ಹುಡುಗರು ಲಾರಿ-ಬಸ್ಸುಗಳಿಂದ ಆ ಬ್ಲೋವರು ಬಿಚ್ಚಿ ತಮ್ಮ ಕಾರುಗಳ ನೆತ್ತಿಯ ಮೇಲೆ ಕೂರಿಸಿದರು. ಬಾನೆಟ್ ಸೀಳಿಕೊಂಡು ಮೇಲೆ ಎದ್ದು ನಿಂತ ಆ ಬ್ಲೋವರಿನ ಚಿತ್ರ ನೋಡದವರಾರು? ಇವತ್ತು ಮಸ್ಟಾಂಗಿನಂಥ ಕಾರಿಗೆ ಪೆಟ್ಟಿಗೆ ಬಿಚ್ಚಿ ಕೂರಿಸುವ ಕಿಟ್ಟುಗಳೆಲ್ಲ ಆ ಗ್ಯಾರೇಜುಗಳ ಸಂತಾನ. ದುಡಿಯುವ ಗಾಡಿಯಿಂದ ಮೆರೆಯುವ ಗಾಡಿಗೆ ಹೋದ ವಿದ್ಯೆ ಇದು.

ಹೆಚ್ಚು ಬೂಸ್ಟ್, ಅಂದರೆ ಒತ್ತಿ ತುಂಬುವ ಗಾಳಿಗೆ ಇನ್ನಷ್ಟು ಒತ್ತಡ, ಬೇಕೆಂದವರು ಮೊದಲು ಕೈ ಹಾಕುವುದು ಪುಲ್ಲಿಗೆ. ಗಿರಣಿಯ ಪಟ್ಟಾ ಏರಿಸಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರ್ಯಾಂಕಿನ ಪುಲ್ಲಿ 150 ಮಿಲಿಮೀಟರ್, ಬ್ಲೋವರಿನದು 75 ಎಂದುಕೊಳ್ಳಿ. ಇಂಜಿನ್ನು 6,000 ಸುತ್ತು ತಿರುಗಿದರೆ ಬ್ಲೋವರು 12,000. ಆ 75ರದು ತೆಗೆದು 68ರದು ಹಾಕಿ. 13,200 ದಾಟಿತು! ಏಳು ಮಿಲಿಮೀಟರ್ ಲೋಹ ಕಡಿಮೆಯಾದದ್ದಕ್ಕೆ ಸಾವಿರದ ಇನ್ನೂರು ಸುತ್ತು ಹೆಚ್ಚು. ಇಷ್ಟು ಸುಲಭದ ಕೆಲಸವೇ ಎನ್ನಿಸುತ್ತದೆ, ಅಪಾಯವೂ ಅಲ್ಲೇ ಇದೆ. ರೋಟರು ಎಷ್ಟು ವೇಗ ತಡೆಯುತ್ತದೆ ಎಂದು ತಯಾರಕರು ಬರೆದಿರುತ್ತಾರೆ, ಅದನ್ನು ದಾಟುವಂತಿಲ್ಲ. ಅದಕ್ಕೂ ದೊಡ್ಡ ಶತ್ರು ಶಾಖ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತುದಿ ಸುಡುವುದು ಎಲ್ಲರಿಗೂ ಗೊತ್ತು. 30 ಡಿಗ್ರಿಯ ಗಾಳಿಯನ್ನು 1.7 ಪಟ್ಟು ಒತ್ತಡಕ್ಕೆ ಏರಿಸಿದರೆ, ಒಳ್ಳೆಯ ಕಂಪ್ರೆಸರಿನಿಂದಲೂ ಅದು ಹೊರಬೀಳುವಾಗ ನೂರು ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಬಿಸಿ ಗಾಳಿ ಮತ್ತೆ ಹಗುರ, ಅಂದರೆ ಪಟ್ಟ ಶ್ರಮದಲ್ಲಿ ಒಂದು ಪಾಲು ನಷ್ಟ. ಪೆಟ್ರೋಲ್ ಇಂಜಿನ್ನಿನಲ್ಲಂತೂ ಕಿಡಿ ಹಾರುವ ಮೊದಲೋ, ಹಾರಿದ ಮೇಲೆ ಹೊತ್ತಲ್ಲದ ಹೊತ್ತಿಗೋ ಮಿಶ್ರಣ ತಾನೇ ಸಿಡಿದು ಪಿಸ್ಟನ್ನು ಒಡೆಯುತ್ತದೆ. ಆದ್ದರಿಂದ ಪುಲ್ಲಿ ಚಿಕ್ಕದು ಮಾಡಿದವರು ಗಾಳಿ ತಂಪು ಮಾಡುವ ಇಂಟರ್‌ಕೂಲರು, ಹೆಚ್ಚು ಇಂಧನ ಬಿಡುವ ಇಂಜೆಕ್ಟರು, ಕಂಪ್ಯೂಟರಿನ ಹೊಸ ಟ್ಯೂನಿಂಗು ಮೂರನ್ನೂ ಜೊತೆಯಲ್ಲೇ ಮಾಡಬೇಕು. ಗಾಳಿ ಹೆಚ್ಚಿ ಪೆಟ್ರೋಲ್ ಹೆಚ್ಚದಿದ್ದರೆ ಇಂಜಿನ್ನು ಸುಡುವುದು ಖಂಡಿತ.

ನನ್ನನ್ನು ಪೂರ್ತಿ ಸೆರೆಹಿಡಿದದ್ದು ಮಾತ್ರ ದೋಷ ಹುಡುಕುವ ವಿದ್ಯೆ. ಬೂಸ್ಟ್ ಮೀಟರಿನ ಮುಳ್ಳು ಒಂದು ಕಥೆ ಹೇಳುತ್ತದೆ, ಓದಲು ಬರಬೇಕು ಅಷ್ಟೇ. ಮುಳ್ಳು ಚೆನ್ನಾಗಿ ಏರುತ್ತ ಹೋಗಿ ಹೆಚ್ಚಿನ ಸುತ್ತಿಗೆ ಬಂದಾಗ ಕುಸಿದರೆ ಬೆಲ್ಟು ಜಾರುತ್ತಿದೆ. ಪುಲ್ಲಿಯ ಸುತ್ತ ಕಪ್ಪು ಪುಡಿ, ಬೆಲ್ಟಿನ ಒಳಮೈಗೆ ಗಾಜಿನ ಹೊಳಪು ಕಂಡರೆ ಸಾಕ್ಷಿ ಸಿಕ್ಕಂತೆ. ಚಿಕ್ಕ ಪುಲ್ಲಿಯನ್ನು ಬೆಲ್ಟು ತಬ್ಬಿಕೊಳ್ಳುವ ಜಾಗವೂ ಚಿಕ್ಕದು, ಅದಕ್ಕೇ ಟೆನ್ಶನರು ಬಲಪಡಿಸಬೇಕು, ಇಲ್ಲವೇ ಇನ್ನೊಂದು ಐಡ್ಲರ್ ಸೇರಿಸಿ ಹಿಡಿತ ಹೆಚ್ಚಿಸಬೇಕು. ಮುಳ್ಳು ಮೊದಲಿನಿಂದಲೂ ಏಳದಿದ್ದರೆ ಎಲ್ಲೋ ಸೋರಿಕೆ, ಅಥವಾ ಬೈಪಾಸ್ ವಾಲ್ವು ತೆರೆದೇ ಉಳಿದಿದೆ, ಅಥವಾ ಫಿಲ್ಟರು ಕಟ್ಟಿದೆ. ಬೂಸ್ಟ್ ಸರಿಯಿದ್ದೂ ಬಲ ಇಲ್ಲದಿದ್ದರೆ ಗಾಳಿಯ ಬಿಸಿ ನೋಡಬೇಕು. ಇಂಟರ್‌ಕೂಲರಿಗೆ ನೀರು ತಿರುಗಿಸುವ ಪುಟ್ಟ ಪಂಪು ನಿಂತಿರುತ್ತದೆ, ಇಂಜಿನ್ನಿನ ಕಂಪ್ಯೂಟರು ಅಪಾಯ ಅರಿತು ಕಿಡಿಯನ್ನು ಹಿಂದಕ್ಕೆ ಸರಿಸಿರುತ್ತದೆ. ಸುಮ್ಮನೆ ನಿಂತು ಓಡುವಾಗ ಬ್ಲೋವರಿನ ಮೂತಿಯಿಂದ ಗಡಗಡ ಸದ್ದು ಬಂದು, ಆಕ್ಸಿಲರೇಟರ್ ಕೊಟ್ಟೊಡನೆ ಮಾಯವಾದರೆ ಒಳಗಿನ ಕಪ್ಲರು ಸವೆದಿದೆಯೇ ಎಂದು ಮೊದಲು ನೋಡಬೇಕು. ಒಂದೊಂದು ಸದ್ದಿಗೂ ಒಂದೊಂದು ಭಾಗ!

ಸೂಪರ್‌ಚಾರ್ಜರ್ ಕೂರಿಸಿದ ಸ್ಪೋರ್ಟ್ಸ್ ಕಾರು ನಮ್ಮ ಕಡೆಯ ಗ್ಯಾರೇಜಿಗೆ ಬರುವುದು ಅಪರೂಪ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸ್ತವನಿಧಿ ಘಾಟು ಏರಿ ಹೋಗಿಬಿಡುತ್ತದೆ. ಅದೇ ವಿದ್ಯೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಇಲ್ಲಿ ದಿನಾ ನಡೆಯುತ್ತದೆ. ಲೋಡು ಹೊತ್ತಾಗ ಕಪ್ಪು ಹೊಗೆ ಕಾರಿದರೆ ಗಾಳಿ ಸಾಲದು. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ, ಟರ್ಬೊದ ಸೀಲು ಇರಬಹುದು, ರಿಂಗುಗಳೂ ಇರಬಹುದು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬಳಿ ಮಸಿಯ ಗೆರೆ ಮೂಡಿದ್ದರೆ ಟರ್ಬೊ ತಿರುಗಿಸಬೇಕಾದ ಹೊಗೆ ಅಲ್ಲೇ ತಪ್ಪಿಸಿಕೊಳ್ಳುತ್ತಿದೆ. ಆಮೇಲೆ ಕೊಳವೆಗೆ ಕಂಪ್ರೆಸರಿನಿಂದ ಹಗುರವಾಗಿ ಗಾಳಿ ತುಂಬಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಸುರಿಯುವುದು. ಗುಳ್ಳೆ ಎದ್ದಲ್ಲಿ ಸೋರಿಕೆ. ಕೋಟಿ ರೂಪಾಯಿಯ ಕಾರಿಗೂ ಇದೇ ಸೋಪಿನ ನೀರು, ಬೇರೆ ಮಂತ್ರವಿಲ್ಲ.

ನಮ್ಮ ಸೀಮೆಯ ವಿಶೇಷ ರೋಗ ಧೂಳು. ಫಿಲ್ಟರಿಗೂ ಟರ್ಬೊಗೂ ನಡುವಿನ ಹೋಸಿನ ಕ್ಲಿಪ್ಪು ಒಂದು ಸುತ್ತು ಸಡಿಲವಾದರೆ ಸಾಕು, ಗಾಡಿದಾರಿಯ ಹುಡಿ ನೇರ ಒಳಗೆ. ಆ ವೇಗದಲ್ಲಿ ತಿರುಗುವ ಅಲ್ಯೂಮಿನಿಯಂ ರೆಕ್ಕೆಗಳನ್ನು ಹುಡಿ ಅರದಂತೆ ತೇಯುತ್ತದೆ, ಉಳಿದದ್ದು ಸಿಲಿಂಡರಿಗೆ ಹೋಗಿ ರಿಂಗು ತಿನ್ನುತ್ತದೆ. ಬಲ್ಲ ಮಿಸ್ತ್ರಿ ಹೋಸು ಬಿಚ್ಚಿ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸುತ್ತಾನೆ. ಪಕ್ಕಕ್ಕೆ ತುಸು ಅಲುಗಿದರೆ ಹೆದರಬೇಕಿಲ್ಲ, ಅದು ಎಣ್ಣೆಯ ಪದರದ ಮೇಲೆ ತೇಲುವ ಶಾಫ್ಟು. ಹಿಂದೆ ಮುಂದೆ ಜಗ್ಗಿದಾಗ ಆಡಿದರೆ, ರೆಕ್ಕೆ ಗೋಡೆಗೆ ತಾಗಿದ ಗುರುತು ಕಂಡರೆ ಟರ್ಬೊದ ಆಯುಷ್ಯ ಮುಗಿಯಿತು. ಬೆರಳ ತುದಿಯಲ್ಲಿ ಮಿಲಿಮೀಟರಿನ ನೂರನೇ ಪಾಲುಗಳನ್ನು ಅಳೆಯುವ ಆ ಕೈಗಳನ್ನು ಎಷ್ಟು ನೋಡಿದರೂ ನನಗೆ ಸಾಲದು. ಏರು ಹತ್ತಿ ಬಂದ ಗಾಡಿಯನ್ನು ಕಾರ್ಖಾನೆಯ ಯಾರ್ಡಿನಲ್ಲಿ ಒಮ್ಮೆಲೇ ಆರಿಸಬೇಡ, ಒಂದೆರಡು ನಿಮಿಷ ಹಾಗೇ ಓಡಲಿ ಎಂದು ಅವರು ಹೇಳುವುದೂ ಆ ಎಣ್ಣೆಗಾಗಿಯೇ. ಇಂಜಿನ್ನು ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ, ಕೆಂಪಗೆ ಕಾದ ಟರ್ಬೈನಿನ ಶಾಖಕ್ಕೆ ಬೇರಿಂಗಿನಲ್ಲಿ ಉಳಿದ ಎಣ್ಣೆ ಸುಟ್ಟು ಕಿಟ್ಟವಾಗುತ್ತದೆ.

ಜಾತ್ರೆಯ ಟ್ರ್ಯಾಕ್ಟರ್ ಜಗ್ಗಾಟಕ್ಕಾಗಿ ಟರ್ಬೊ ಇಲ್ಲದ ಇಂಜಿನ್ನಿಗೆ ಟರ್ಬೊ ಕೂರಿಸಿ, ಡೀಸೆಲ್ ಪಂಪಿನ ಸ್ಕ್ರೂ ತಿರುವಿ ಬಿಡುವ ಆಸೆ ಹುಡುಗರಿಗೆ ಹುಟ್ಟುವುದು ಸಹಜ. ಆ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಆ ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್, ಕ್ಲಚ್ಚು, ಹಿಂದಿನ ಗೇರುಗಳು ಯಾವುವೂ ಆ ಒತ್ತಡಕ್ಕೆ ಎರಕವಾದವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಯಾರಕರ ವಿವರಗಳನ್ನು ಮೀರಿ ರಸ್ತೆಯ ವಾಹನ ಬದಲಿಸುವುದನ್ನು ಒಪ್ಪುವುದಿಲ್ಲ.

ಈಗ ಆ ಸ್ಕ್ರೂ ಕೂಡ ಮಾಯವಾಗುತ್ತಿದೆ. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದು, ಕಾಮನ್ ರೈಲ್ ಇಂಧನ ವ್ಯವಸ್ಥೆಯೂ ಕಂಪ್ಯೂಟರೂ ಕಬ್ಬಿನ ಹೊಲಕ್ಕೆ ಇಳಿದಿವೆ. ಸ್ಪೋರ್ಟ್ಸ್ ಕಾರಿನವರು ಲ್ಯಾಪ್‌ಟಾಪ್ ಹಿಡಿದು ಕೂರುವಂತೆ ಇಲ್ಲಿಯೂ ಸ್ಕ್ಯಾನರ್ ಹಚ್ಚಿ ಬೂಸ್ಟಿನ ಅಂಕಿ ಓದುವ ಕಾಲ ಬಂದಿದೆ. ಬೂಸ್ಟ್ ಕಡಿಮೆಯಿದೆ ಎಂದು ಸೆನ್ಸರು ಕ್ಷಣದಲ್ಲಿ ಹೇಳುತ್ತದೆ. ಯಾವ ಕ್ಲಿಪ್ಪು ಸಡಿಲ, ಯಾವ ಹೋಸಿನ ಯಾವ ಮಗ್ಗುಲು ಬಿರುಕು ಎಂದು ಹುಡುಕಲು ಮಿಸ್ತ್ರಿ ಮತ್ತೆ ಸೋಪಿನ ನೀರಿನ ಡಬ್ಬಿಯನ್ನೇ ತರಿಸುತ್ತಾನೆ.